ದಾರಿಲೋ ಉನ್ನಾ ಸಾರ್!

ನಾನು ತುಮಕೂರಿನವನು, ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ಬಿದ್ದವನು. ಎಂವಿಪಿ ಕಾಲನಿಯ ಬಾಡಿಗೆ ಮನೆ, ಮೂರನೇ ಮಹಡಿ. ಬಚ್ಚಲಿನ ನಲ್ಲಿ ತೊಟ್ಟಿಕ್ಕಲು ಶುರುವಾಗಿ ಹನ್ನೊಂದು ದಿನ. ಫೋನ್ ಮಾಡಿದಾಗಲೆಲ್ಲ ಪ್ಲಂಬರ್ ಹೇಳುವುದು ಒಂದೇ ಮಾತು: "ದಾರಿಲೋ ಉನ್ನಾ ಸಾರ್, ಐದು ನಿಮಿಷಾಲು." ದಾರಿಯಲ್ಲಿದ್ದಾನಂತೆ. ಕೃಷ್ಣದೇವರಾಯ ಸೈನ್ಯ ಕಟ್ಟಿಕೊಂಡು ಹಂಪಿಯಿಂದ ಇದೇ ಊರಿನ ಸಿಂಹಾಚಲಕ್ಕೆ ಬಂದು, 1516ರಲ್ಲಿ ಶಾಸನವನ್ನೂ ಹಾಕಿಸಿ ಹೋದ. ಇವನಿಗೆ ಊರೊಳಗಿನ ಗಾಜುವಾಕದಿಂದ ಬರಲು ಆಗುತ್ತಿಲ್ಲ.

ರಾತ್ರಿ ಎರಡಕ್ಕೆ ಎಚ್ಚರವಾಯಿತು. ಟಪ್, ಟಪ್. ಇನ್ನು ನಿದ್ದೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಬಚ್ಚಲಿಗೇ ಹೋಗಿ ಕೂತೆ.

ನಾನು: ನಮಸ್ಕಾರ. ಕನ್ನಡವೋ, ತೆಲುಗೋ?

ನಲ್ಲಿ: ಕನ್ನಡದಲ್ಲೇ ಆಗಲಿ ಸ್ವಾಮಿ. ನಿಮ್ಮ ಮನೆಯ ತೆಲುಗಿನಿಂದ ಆದದ್ದು ಸಾಕು. ಬಂದ ವಾರವೇ ನಿಮ್ಮ ಮನೆಯವರು ವಾಚ್‌ಮನ್ ಹತ್ರ "ನಲ್ಲಿ ಪ್ರಾಬ್ಲಂ" ಅಂದ್ರು. ತೆಲುಗಲ್ಲಿ ನಲ್ಲಿ ಅಂದ್ರೆ ತಿಗಣೆ! ಸಂಜೆಯೊಳಗೆ ಅವನು ಔಷಧಿ ಹೊಡೆಯೋನನ್ನ ಕರ್ಕೊಂಡು ಬಂದ. ನಾನಿಲ್ಲಿ ಹನಿ ಹಾಕ್ತಾ ನಿಂತಿದೀನಿ, ಅವನಲ್ಲಿ ಟಾರ್ಚ್ ಬಿಟ್ಕೊಂಡು ನಿಮ್ಮ ಹಾಸಿಗೆ ಮಗುಚಿ ಹಾಕ್ತಿದಾನೆ. ಆದ್ರೂ ಒಂದು ಮಾತು ಹೇಳ್ಬೇಕು, ತಿಗಣೆಯವನು ಕರೆದ ದಿನವೇ ಬಂದ.

ನಾನು: ಮತ್ತೆ ಏನನ್ನಬೇಕಿತ್ತು?

ನಲ್ಲಿ: ಕೊಳಾಯಿ. ನಿಮ್ಮಜ್ಜಿ ಅಂತಿದ್ರಲ್ಲ, ಅದೇ. ಇಲ್ಲಿಯವರೂ ಕುಳಾಯಿ ಅಂತಾರೆ. ಎರಡೂ ರಾಜ್ಯಕ್ಕೆ ಗೊತ್ತಿರೋ ಒಂದು ಹೆಸರಿತ್ತು ನನಗೆ, ಅದನ್ನೇ ನೀವು ಮರೆತ್ರಿ.

ನಾನು: ಇರಲಿ. ಯಾಕೆ ಹೀಗೆ ಸೋರುತ್ತೀರಿ?

ನಲ್ಲಿ: ನಿಮ್ಮ ಮಗನನ್ನ ಕೇಳಿ. ನನ್ನ ಮುಚ್ಚೋದು ಅಂದ್ರೆ ಅವನಿಗೆ ಕುಸ್ತಿ. ಹನಿ ನಿಲ್ಲಲಿಲ್ಲ ಅಂತ ಇನ್ನೊಂದು ಸುತ್ತು, ಬಿಗಿದಷ್ಟೂ ಒಳಗಿನ ರಬ್ಬರ್ ವಾಷರ್ ನುರೀತದೆ, ನುರಿದಷ್ಟೂ ಸೋರ್ತದೆ. ಸೆಕೆಂಡಿಗೆ ಒಂದು ಹನಿ ಅಂತ ಇಟ್ಕೊಳ್ಳಿ. ದಿನಕ್ಕೆ 86,400. ನಾಲ್ಕು ಹನಿ ಸೇರಿದ್ರೆ ಒಂದು ಮಿಲಿಲೀಟರ್. ಸುಮಾರು 22 ಲೀಟರ್ ಆಯ್ತು. ಹನ್ನೊಂದು ದಿನಕ್ಕೆ ನೀವೇ ಗುಣಿಸಿ, ಬ್ಯಾಂಕಿನವರಲ್ಲವೇ. ನೀರು ಎಲ್ಲಿಂದ ಬರ್ತದೆ ಅಂತಾದ್ರೂ ಗೊತ್ತಾ? ರೈವಾಡ, ತಾಟಿಪೂಡಿ, ಮೇಘಾದ್ರಿಗೆಡ್ಡ ಜಲಾಶಯಗಳು ಸಾಲದೆ ಏಲೇರು ಕಾಲುವೆಯಲ್ಲಿ ಸುಮಾರು 150 ಕಿ.ಮೀ. ಹರಿದು ಬರ್ತದೆ ಈ ಊರಿಗೆ. ಅಷ್ಟು ದೂರ ದಾರಿ ತಪ್ಪದೆ ಬಂದ ನೀರು ನಿಮ್ಮ ಬಚ್ಚಲಲ್ಲಿ ಒಂದು ಪುಡಿಗಾಸಿನ ವಾಷರ್ ದೆಸೆಯಿಂದ ಮೋರಿ ಸೇರ್ತಿದೆ.

ನಾನು: ಅದಕ್ಕೇ ಅಲ್ಲವೇ ಕರೆದದ್ದು! ಆ ಪ್ಲಂಬರ್ ನಂಬಿಕೆಗೆ ಯೋಗ್ಯನಲ್ಲ.

ನಲ್ಲಿ: ಅವನ ಹೆಸರೇನು?

ನಾನು: ಫೋನಿನಲ್ಲಿ "ಪ್ಲಂಬರ್ 2" ಅಂತಿದೆ.

ನಲ್ಲಿ: ಊರು?

ನಾನು: ...

ನಲ್ಲಿ: ಒಡಿಶಾದ ಕೇಂದ್ರಾಪಡಾ ಜಿಲ್ಲೆ, ಪಟ್ಟಾಮುಂಡೈ ಕಡೆಯವನು. ಉಡುಪಿಯವರು ಹೋಟೆಲಿಗೆ ಹೇಗೋ ಆ ಸೀಮೆಯವರು ಪೈಪಿಗೆ ಹಾಗೆ. ದೇಶದಲ್ಲಿ ಯಾವ ದೊಡ್ಡ ಊರಿಗೆ ಹೋದರೂ ಸಿಕ್ತಾರೆ. ಪ್ಲಂಬಿಂಗ್ ಕಲಿಸೋಕೆ ಅಂತಲೇ ಅಲ್ಲಿ ಸರ್ಕಾರಿ ಸಂಸ್ಥೆ ಇದೆ. ಜೂನ್ ಮಧ್ಯದಲ್ಲಿ ರಜೋ ಹಬ್ಬ ಬಂತು ಅಂದ್ರೆ ಊರಿನ ರೈಲು ಹತ್ತಿಬಿಡ್ತಾರೆ. ರಜೋ ಅಂದ್ರೆ ರಜೆ ಅಲ್ಲ, ಭೂಮಿತಾಯಿ ಮುಟ್ಟಾಗೋ ದಿನಗಳು. ಮೂರು ದಿನ ನೆಲ ಅಗೆಯೋ ಹಾಗಿಲ್ಲ. ನೀವು ಅದೇ ಹೊತ್ತಲ್ಲಿ ಸಂಪಿನ ಪೈಪು ಅಗೆಸೋಕೆ ಫೋನ್ ಮೇಲೆ ಫೋನ್ ಮಾಡಿದ್ರಿ.

ನಾನು: ಹಾಗಾದರೆ ಇಲ್ಲಿಯವರನ್ನೇ ಕರೆಯಬೇಕಿತ್ತು.

ನಲ್ಲಿ: ಜನವರಿಯಲ್ಲಿ ಕರೆದ್ರಲ್ಲ! ಸಂಕ್ರಾಂತಿಗೆ ಅವನು ಗೋದಾವರಿ ಜಿಲ್ಲೆಯ ತನ್ನ ಊರಲ್ಲಿ ಕೋಳಿ ಪಂದ್ಯದ ಮುಂದೆ ಕೂತಿದ್ದ. ಫೋನಲ್ಲಿ ಕೋಳಿ ಕೂಗಿದ್ದು ನನಗಿಲ್ಲಿ ಕೇಳಿಸ್ತು, ನಿಮಗೆ ಕೇಳಿಸಲಿಲ್ಲ.

ನಾನು: ಒಳ್ಳೆಯ ಪ್ಲಂಬರನ್ನು ಗುರುತಿಸುವುದಾದರೂ ಹೇಗೆ?

ನಲ್ಲಿ: ನನಗೆ ಕೈ ಇಟ್ಟ ಕೂಡಲೇ ಗೊತ್ತಾಗ್ತದೆ, ನಿಮಗೆ ಹೇಳೋದು ಕಷ್ಟ. ಬಂದವರೆಲ್ಲ ಮೊದಲು ಕೇಳೋದು "ಎವರು ಚೇಸಾರು ಸಾರ್ ಈ ಪನಿ?", ಯಾರು ಮಾಡಿದ್ದು ಈ ಕೆಲಸ ಅಂತ. ಹಿಂದಿನವನನ್ನ ಬೈದೇ ಚೀಲ ಬಿಚ್ಚೋದು. ಹೋದ ವರ್ಷ ಒಬ್ಬ ಹಾಗೇ ಬೈದು, ಆಮೇಲೆ ನನ್ನ ಕತ್ತಿನ ಟೆಫ್ಲಾನ್ ಟೇಪು ಬಿಚ್ಚಿ ನೋಡಿ ಸುಮ್ಮನಾದ. ಅದನ್ನ ಸುತ್ತಿದ್ದು ಅವನೇ. ಆದ್ರೆ ಒಳ್ಳೆಯವನು ಮೊದಲು ಮೇನ್ ವಾಲ್ವ್ ಎಲ್ಲಿದೆ ಕೇಳ್ತಾನೆ. ಸ್ಪಿಂಡಲ್ ಬಿಚ್ಚಿ, ಸವೆದ ವಾಷರ್ ನಿಮ್ಮ ಅಂಗೈಲಿ ಇಡ್ತಾನೆ. ಕೆಟ್ಟವನು ಬಾಗಿಲಲ್ಲೇ ನಿಂತು "ಸೆಟ್ಟೇ ಮಾರ್ಚಾಲಿ ಸಾರ್", ಇಡೀ ಸೆಟ್ಟೇ ಬದಲಾಯಿಸ್ಬೇಕು ಅಂತಾನೆ. ಅಂಥವನ ಹೆಸರು ಹಾರ್ಡ್‌ವೇರ್ ಅಂಗಡಿಯವನಿಗೂ ಗೊತ್ತಿರ್ತದೆ, ಸಾಲ ಇಟ್ಟಿರ್ತಾನೆ. ಅಂಗಡಿಯವನನ್ನ ಕೇಳಿ, ಪಕ್ಕದ ಮನೆಯವರಿಗಿಂತ ಅವನು ವಾಸಿ.

ನಾನು: ತುರ್ತಿನಲ್ಲಿ ಇಷ್ಟೆಲ್ಲ ವಿಚಾರಿಸುವುದಕ್ಕೆ ಆಗುತ್ತದೆಯೇ?

ನಲ್ಲಿ: ತುರ್ತು! ವಿಜಯವಾಡದ ಸಿಂಗ್ ನಗರದಲ್ಲಿ ನನ್ನ ಅಕ್ಕ ಇದಾಳೆ. ಹಳೇ ಹಿತ್ತಾಳೆ ಜೀವ. ಕೃಷ್ಣೆ ಆಲಮಟ್ಟಿ ದಾಟಿ, ಶ್ರೀಶೈಲ, ನಾಗಾರ್ಜುನಸಾಗರ ಇಳಿದು ಅವಳ ಊರಿಗೆ ಬರ್ತಾಳೆ. ನಿಮ್ಮ ನಾಡು ಹಾದು ಬಂದ ನೀರು. 2024ರ ಸೆಪ್ಟೆಂಬರ್ 1, ಭಾನುವಾರ. ಮರುದಿನದ ಹೊತ್ತಿಗೆ ಪ್ರಕಾಶಂ ಬ್ಯಾರೇಜಲ್ಲಿ 11 ಲಕ್ಷ ಕ್ಯೂಸೆಕ್ ದಾಟ್ತು. ಆದ್ರೆ ಅಕ್ಕನ ಮನೆಗೆ ನುಗ್ಗಿದ್ದು ಕೃಷ್ಣೆ ಅಲ್ಲ, ಬುಡಮೇರು. ಇಷ್ಟಗಲದ ಹಳ್ಳ. ಅಕ್ಕ ಕತ್ತಿನ ಮಟ್ಟ ನೀರಲ್ಲಿ ಮುಳುಗಿದಾಳೆ, ಒಳಗೆ ಕುಡಿಯೋಕೆ ಒಂದು ಹನಿ ಇಲ್ಲ. ಮೋಟಾರು ಸುಟ್ಟಿತ್ತು. ನೀರಿಳಿದ ಮೇಲೆ ಅಗ್ನಿಶಾಮಕದ ಗಾಡಿಗಳು ಬಂದು ಮನೆಯೊಳಗಿನ ಕೆಸರು ತೊಳೆದವು. ಆ ವಾರ ಆ ಬೀದಿಯಲ್ಲಿ ಪ್ಲಂಬರ್ ಸಿಕ್ಕಿದ್ದು ಯಾರಿಗೆ ಗೊತ್ತಾ? ಅವನ ಮಗಳ ದಾವಣಿ ಶಾಸ್ತ್ರಕ್ಕೆ ಹೋಗಿ ಉಂಡು ಬಂದಿದ್ದ ಒಂದು ಮನೆಯವರಿಗೆ. ಇಲ್ಲೂ ಅಷ್ಟೇ, 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಡಿದಾಗ ನಮ್ಮ ತಾರಸಿಯ ಟ್ಯಾಂಕು ಪಕ್ಕದ ಸೈಟಿಗೆ ಹಾರ್ತು. ಕರೆಂಟಿಲ್ಲ, ಫೋನಿಲ್ಲ. ಆಗಿನ ಬಾಡಿಗೆದಾರರಿಗೆ ಪ್ಲಂಬರನ ಮನೆ ಗೊತ್ತಿತ್ತು, ನಡೆದು ಹೋಗಿ ಕರ್ಕೊಂಡು ಬಂದ್ರು. "ಪ್ಲಂಬರ್ 2" ಮನೆ ಎಲ್ಲಿ ಸ್ವಾಮಿ?

ನಾನು: ದುಡ್ಡು ಕೊಟ್ಟರೆ ಯಾರಾದರೂ ಬರುತ್ತಾರೆ.

ನಲ್ಲಿ: ಕೊಟ್ರೆ! ಹೋದ ಸಲ ಇಲ್ಲೇ, ನೀವು ಕೂತಿರೋ ಜಾಗದಲ್ಲೇ ನಡೀತಲ್ಲ. ಅವನು ಆರುನೂರು ಅಂದ. "ಹತ್ತು ನಿಮಿಷದ ಕೆಲಸಕ್ಕೆ ಆರುನೂರಾ?" ಅಂದ್ರಿ. ಆ ಹತ್ತು ನಿಮಿಷ ಕಲಿಯೋಕೆ ಅವನಿಗೆ ಹನ್ನೆರಡು ವರ್ಷ ಹಿಡಿದಿತ್ತು, ಅದು ಬಿಲ್ಲಲ್ಲಿ ಇರಲಿಲ್ಲ. ನಾನೂರು ಇಸ್ಕೊಂಡು ಹೋದ. ನೀವು ಗೆದ್ದೆ ಅಂತ ಹೆಂಡತಿ ಮುಂದೆ ಹೇಳ್ಕೊಂಡ್ರಿ. ಈಗ ಅವನು ದಾರಿಯಲ್ಲಿದೀನಿ ಅಂದ್ರೆ ಸುಳ್ಳಲ್ಲ. ದಾರಿಯಲ್ಲೇ ಇದಾನೆ, ಆರುನೂರು ಕೊಡೋರ ಮನೆ ದಾರಿಯಲ್ಲಿ.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಂದರ್ಶಕರಿಗೆ ಹೀಗಾದಾಗ ವಿಷಯ ಬದಲಿಸುವ ಹಕ್ಕಿದೆ.

ನಾನು: ಓದುಗರಿಗೆ ಏನಾದರೂ ಹೇಳುತ್ತೀರಾ?

ನಲ್ಲಿ: ಓದುಗರಿಗೆ ಬೇಡ, ನಿಮಗೆ. ನಾಳೆಗೋ ನಾಡಿದ್ದಿಗೋ ನನ್ನ ಕತ್ತು ಕಳಚಿ ಬರ್ತದೆ. ಅಷ್ಟರಲ್ಲಿ ಗೇಟ್ ವಾಲ್ವ್ ಎಲ್ಲಿದೆ ನೋಡಿ ಇಟ್ಕೊಳ್ಳಿ.

ಆಗಲೇ ಎದ್ದು ಹುಡುಕಿದೆ. ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ, ಹಳೇ ಪೊರಕೆಗಳ ನಡುವೆ, ಸಮುದ್ರದ ಗಾಳಿಗೆ ತುಕ್ಕು ಹಿಡಿದು ಕೂತಿತ್ತು. ಓದುಗರೇ, ಈ ಪುಟ ಮಡಚಿಟ್ಟು ನಿಮ್ಮ ಮನೆಯ ವಾಲ್ವನ್ನು ಒಮ್ಮೆ ತಿರುಗಿಸಿ ನೋಡಿ. ನಮ್ಮದು ತಿರುಗಲಿಲ್ಲ.