ನಂಜುಂಡನ ತೂಕ, ಗುಲಗಂಜಿಯ ತೂಕ

ನಂಜನಗೂಡಿನ ಕಂಪ್ಯೂಟರ್ ಸೈನ್ಸ್ ಮೇಷ್ಟ್ರೊಬ್ಬರಿಗೆ ಮಾಹಿತಿ ಹುಡುಕಾಟದ ಸಮ್ಮೇಳನದಲ್ಲಿ ಟ್ಯುಟೋರಿಯಲ್ ನಡೆಸುವ ಹುಕಿ ಬಂತೆನ್ನಿ. ಸಂಶೋಧನಾ ಪ್ರಬಂಧವಾದರೆ ಹೊಸತೇನು ಎಂದು ಪೀಡಿಸುತ್ತಾರೆ. ಟ್ಯುಟೋರಿಯಲ್‌ಗೆ ಆ ಕಾಟವಿಲ್ಲ. ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ಹೇಳಿದರಾಯಿತು. ಆದರೆ ಅದಕ್ಕೂ ಅರ್ಜಿ ಬರೆಯಬೇಕು: ಅರ್ಧ ದಿನವೋ ಇಡೀ ದಿನವೋ, ಯಾವ ಗಂಟೆಗೆ ಯಾವ ಪಾಠ, ಈ ವಿಷಯ ಈಗ ಯಾಕೆ?

'ಯಾಕೆ' ಎಂಬುದಕ್ಕೆ ಉತ್ತರ ಸಲೀಸು. ಭಾರತೀಯ ಭಾಷೆಗಳ ಹುಡುಕಾಟಕ್ಕೆಂದೇ 2008ರಲ್ಲಿ ಶುರುವಾದ 'ಫೈರ್' ವೇದಿಕೆ ಮೊದಲ ಸಲ ಹುಡುಕಲು ಕೊಟ್ಟದ್ದು ಬಂಗಾಳಿ, ಹಿಂದಿ, ಮರಾಠಿ, ಇಂಗ್ಲಿಷ್ ಕಡತಗಳನ್ನು. ಕನ್ನಡಕ್ಕೆ ಆ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ.

ಇನ್ನು ಪಾಠ. ಎಲ್ಲ ಕಡತಗಳಲ್ಲೂ ಸಿಗುವ ಪದಕ್ಕೆ ಬೆಲೆ ಕಡಿಮೆ, ಅಪರೂಪದ ಪದಕ್ಕೆ ಹೆಚ್ಚು ಎಂದು 1972ರಲ್ಲಿ ತೋರಿಸಿಕೊಟ್ಟವರು ಕೇಂಬ್ರಿಜ್‌ನ ಕರೆನ್ ಸ್ಪಾರ್ಕ್ ಜೋನ್ಸ್. ಮೇಷ್ಟ್ರಿಗೆ ಇದನ್ನು ವಿವರಿಸಲು ಸೂತ್ರವೇ ಬೇಡ. ನಂಜನಗೂಡಿನ ಪಂಚ ಮಹಾರಥೋತ್ಸವದ ದಿನ ತೇರಿನ ಬೀದಿಯಲ್ಲಿ ನಿಂತು "ನಂಜುಂಡಾ!" ಎಂದು ಕೂಗಿದರೆ ಅರ್ಧ ಬೀದಿ ತಿರುಗುತ್ತದೆ. ನಂಜುಂಡಸ್ವಾಮಿ, ನಂಜುಂಡಯ್ಯ, ನಂಜಪ್ಪ; ಕರೆದದ್ದು ಯಾರನ್ನೆಂದು ದೇವರಿಗೇ ಗೊತ್ತು, ಅವನ ಹೆಸರೂ ಅದೇ. "ಬಾಳೆಮಂಡಿ ನಂಜುಂಡಾ" ಎಂದರೆ ಒಬ್ಬನೇ ಬರುತ್ತಾನೆ. ಅವನನ್ನು ಕರೆತಂದದ್ದು ಬಾಳೆಮಂಡಿ, ನಂಜುಂಡನಲ್ಲ. ಅದೇ ಕೂಗನ್ನು ಮಂಗಳೂರಿನ ಹಂಪನಕಟ್ಟೆಯಲ್ಲಿ ಹಾಕಲಿ, ನಂಜುಂಡನ ಬೆಲೆ ತಟ್ಟನೆ ಏರುತ್ತದೆ.

ಕಾಫಿ ಮುಗಿಸಿ, ಊರಿನ ಹೊಳೆ ಕಪಿಲೆ ಹರಿದ ದಿಕ್ಕಿನಲ್ಲೇ ಸಾಗಿ, ಅದು ಕಾವೇರಿ ಸೇರುವ ತಿ. ನರಸೀಪುರಕ್ಕೆ ಬರಬಹುದು. ಅಲ್ಲಿ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬುದು ಭಕ್ತರ ನಂಬಿಕೆ. ಸರ್ಚ್ ಎಂಜಿನ್ ಮಾಡುವುದೂ ಇಷ್ಟೇ: ಗುಲಗಂಜಿಯಷ್ಟು ಅಂಕ ಹೆಚ್ಚಿದ್ದದ್ದನ್ನು ಮೇಲೆ ಕೂರಿಸುತ್ತದೆ. ತೂಗಿದವರು ನರಸೀಪುರದವರೋ ಕಾಶಿಯವರೋ ಎಂದು ಯಾರಾದರೂ ಎದ್ದು ಕೇಳಿದರೆ ಮೇಷ್ಟ್ರಿಗೆ ಹಬ್ಬ. ಉತ್ತರ ಸರಿಯೋ ತಪ್ಪೋ ಎಂದು ತೀರ್ಪು ಕೊಡುವವರು ಯಾರು ಎಂಬುದು ಈ ಶಾಸ್ತ್ರದಲ್ಲಿ ಇನ್ನೂ ಮುಗಿಯದ ಜಗಳ. ಮಧ್ಯಾಹ್ನದ ಅವಧಿ ಅದರಲ್ಲೇ ಕಳೆಯುತ್ತದೆ.

ಊರಿನ ಹೆಸರೇ ಇನ್ನೊಂದು ಗಂಟೆ ತಿನ್ನುತ್ತದೆ. ತಿರುಮಕೂಡಲು, ಟಿ. ನರಸೀಪುರ, ನರಸೀಪುರಕ್ಕೆ, ನರಸೀಪುರದಿಂದಲೇ: ಬಸ್ ಕಂಡಕ್ಟರ್‌ಗೆ ಎಲ್ಲ ಒಂದೇ ಟಿಕೆಟ್, ಯಂತ್ರಕ್ಕೆ ಪಾಠ ಹೇಳದಿದ್ದರೆ ನಾಲ್ಕು ಊರು.

ಅರ್ಜಿಯ ಕೊನೆಯ ಖಾನೆ, ಕೇಳಲು ಬರುವವರಿಗೆ ಮೊದಲೇ ಏನು ಗೊತ್ತಿರಬೇಕು? ಮೇಷ್ಟ್ರು ಬರೆದರು: ಲಾಗರಿಥಮ್, ಮತ್ತು ಯಾವುದಾದರೂ ಒಂದು ಜಾತ್ರೆ.