ಚೀಲ ಹೊತ್ತ ಚೌಕಾಸಿ

ಗಾಳಿಬೀಡಿನ ರಸ್ತೆಯಲ್ಲಿ ಬರುವವರು ಯಾರೆಂದು ನಮಗೆ ದೂರದಿಂದಲೇ ಗೊತ್ತಾಗುತ್ತದೆ. ಕೈಯಲ್ಲಿ ಕತ್ತಿ ಇದ್ದರೆ ತೋಟದ ಕೆಲಸಕ್ಕೆ, ಕೊಡೆ ಇದ್ದರೆ ಮಡಿಕೇರಿ ಬಸ್ಸಿಗೆ. ದೊಡ್ಡದೊಂದು ಚೀಲವೇ ನಡೆದು ಬರುವಂತೆ ಕಂಡು, ಅದರ ಕೆಳಗೆ ಎರಡು ಕಾಲುಗಳಿದ್ದರೆ ಅವನು ಬ್ಯಾಕ್‌ಪ್ಯಾಕರ್. ಚೀಲಕ್ಕೆ ನೇತುಹಾಕಿದ ಉಕ್ಕಿನ ಲೋಟ ಟಣ್ ಟಣ್ ಅನ್ನುತ್ತದೆ. ನೆಂಟರು ಬಂದರೇನೋ ಎಂಬಂತೆ ನಮ್ಮ ದನಗಳು ಮೇಯುವುದನ್ನು ಬಿಟ್ಟು ತಲೆ ಎತ್ತುತ್ತವೆ.

ಬೆಂಗಳೂರಿನಲ್ಲಿ ಇವನಿಗೆ ಒಳ್ಳೆಯ ಕೆಲಸವಿದೆ. ಬೂಟಿನ ಬೆಲೆ ಕೇಳಿದರೆ ನಮಗೆ ತಲೆ ತಿರುಗುತ್ತದೆ, ಫೋನಿನದ್ದನ್ನು ಕೇಳುವ ಧೈರ್ಯವೇ ಆಗುವುದಿಲ್ಲ. ಆದರೆ ಚೀಲ ಹೆಗಲಿಗೇರಿದ ಕ್ಷಣದಿಂದ ಇವನು ಬಡವ. ಹೋಟೆಲಿನ ಬಾಡಿಗೆ ಉಳಿಯಲೆಂದು ರಾತ್ರಿ ಬಸ್ಸಿನಲ್ಲೇ ಮಲಗಿ ಬರುತ್ತಾನೆ. ಕೊಡಗಿಗೆ ರೈಲಿಲ್ಲ ಎಂಬುದು ಪರಿಸರದವರಿಗೆ ಸಮಾಧಾನ, ವ್ಯಾಪಾರದವರಿಗೆ ಕೊರಗು. ಇವನದು ಮೂರನೆಯ ನಿಲುವು: ಜನರಲ್ ಬೋಗಿಯ ಟಿಕೆಟ್ ಅಗ್ಗವಾಗುತ್ತಿತ್ತು.

ಜೊತೆಗೆ ಗೆಳತಿ ಇದ್ದರಂತೂ ಸಂಕಟ ಇಮ್ಮಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವಳು ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿ, ಸೊನ್ನೆ ರೂಪಾಯಿಯ ಚೀಟಿ ಪಡೆದು, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಾಳೆ. ಕಡಿಮೆ ಖರ್ಚಿನಲ್ಲಿ ಲೋಕ ಸುತ್ತುವ ಬಗ್ಗೆ ಅವಳಿಗೆ ಗಂಟೆಗಟ್ಟಲೆ ಉಪದೇಶ ಮಾಡಿದ ಮಹಾಶಯ ಪೂರ್ತಿ ಟಿಕೆಟ್ ತೆಗೆದು ಎಚ್ಚರವಾಗಿರುತ್ತಾನೆ.

ಮಡಿಕೇರಿಯಲ್ಲಿ ಇಳಿದ ಮೇಲೆ ಇವನ ನಕ್ಷೆಯಲ್ಲಿ ಎರಡೇ ಬಗೆಯ ಸ್ಥಳಗಳು: ದುಡ್ಡು ಕೇಳುವವು, ಕೇಳದವು. ಕೋಟೆಯೊಳಗಿನ ಗಾರೆಯ ಆನೆಗಳೆರಡು ಏನೂ ಕೇಳುವುದಿಲ್ಲವಾದ್ದರಿಂದ ಅವುಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾನೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದಲ್ಲಿ ಕೈಮುಗಿದು, ಪ್ರಸಾದವೇನಾದರೂ ಉಂಟೋ ಎಂದು ವಿಚಾರಿಸುತ್ತಾನೆ. ಮಧ್ಯಾಹ್ನದ ಊಟ ಗದ್ದಿಗೆಯ ಹುಲ್ಲಿನ ಮೇಲೆ, ಬೆಂಗಳೂರಿನಿಂದ ತಂದ ಬಿಸ್ಕತ್ತು. ಕಡಂಬುಟ್ಟು, ಪಂದಿ ಕರಿ, ಕಣಿಲೆ ಪಲ್ಯ ಇರುವ ಊರಿಗೆ ಬಂದು, ಅರಸರ ಸಮಾಧಿಯ ಪಕ್ಕ ಕೂತು, ಗ್ಲೂಕೋಸ್ ಬಿಸ್ಕತ್ತನ್ನು ನೀರಲ್ಲಿ ಅದ್ದಿ ತಿನ್ನುವುದನ್ನು ನಾನಾದರೆ ಪ್ರವಾಸ ಎನ್ನುತ್ತಿರಲಿಲ್ಲ, ಹರಕೆ ಎನ್ನುತ್ತಿದ್ದೆ. ರಾಜಾಸೀಟಿಗೆ ಟಿಕೆಟ್ ಇದೆ. ಸೂರ್ಯ ಮುಳುಗುವುದನ್ನು ನೋಡಲು ದುಡ್ಡೇಕೆ ಎಂದು ಇವನು ಬೇಲಿಯ ಹೊರಗೇ ಜಾಗ ಹುಡುಕಿ ನಿಲ್ಲುತ್ತಾನೆ. ಅಷ್ಟರಲ್ಲಿ ಮಂಜು ಮುಚ್ಚುತ್ತದೆ. ಒಳಗಿದ್ದವರಿಗೂ ಏನೂ ಕಾಣಲಿಲ್ಲವಲ್ಲ ಎಂಬ ತೃಪ್ತಿ ಮಾತ್ರ ಇವನಿಗೇ ಮೀಸಲು.

ಮರುದಿನ ಗಾಳಿಬೀಡು. ಮಡಿಕೇರಿಯಿಂದ ಎಂಟೊಂಬತ್ತು ಕಿಲೋಮೀಟರ್, ಬಸ್ಸಿದೆ. ಬಸ್ಸಿಗೆ ಕೊಡುವ ದುಡ್ಡಿನಲ್ಲಿ ಒಂದು ಕಾಫಿ ಬರುತ್ತದೆಂದು ನಡೆಯುತ್ತಾನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಮಳೆ ಇವನ ಬಜೆಟ್ಟನ್ನು ಓದಿರುವುದಿಲ್ಲ. ಅರ್ಧ ದಾರಿಯಲ್ಲಿ ಚೀಲ ಎರಡರಷ್ಟು ಭಾರ, ಕಾಲುಚೀಲದೊಳಗೆ ಜಿಗಣೆ. ಬಾಡಿಗೆ ಕೊಡದೆ ಪ್ರಯಾಣ ಮಾಡುವ ವಿದ್ಯೆಯಲ್ಲಿ ಅವು ಇವನಿಗಿಂತ ಮುಂದೆ.

ಹೀಗೆ ನೆನೆದು ಬಂದವನನ್ನು ಜಗಲಿಗೆ ಕರೆಯದಿರಲು ನಮ್ಮ ಊರಿನವರಿಂದ ಆಗುವುದಿಲ್ಲ. ನೆರೆಮನೆಯ ಅಕ್ಕ ಕಾಲಿಗೆ ಸುಣ್ಣ ಹಚ್ಚಲು ಕೊಟ್ಟು, ಬೆಲ್ಲದ ಕಾಫಿ ಮುಂದಿಟ್ಟರು. ಅವನು ಮೂಸಿ ನೋಡಿ, "ಆಂಟಿ, ಇದು ಕೊಲಂಬಿಯಾದ ಬೀಜದ ತರಹ ಇದೆ" ಎಂದ. ದೇಶದ ಕಾಫಿಯಲ್ಲಿ ಮೂರರಲ್ಲೊಂದು ಪಾಲು ಬೆಳೆಯುವ ಜಿಲ್ಲೆ ಇದು.

"ಇದು ನಮ್ಮ ಹಿತ್ತಲಿನದ್ದು ಮಾರಾಯ" ಎಂದರು ಅಕ್ಕ.

ಅವನ ಕಣ್ಣು ದಕ್ಷಿಣ ಅಮೆರಿಕದ ಮೇಲೆ. ಕೊಡಗು ಬರೀ ತಾಲೀಮು. ಪೆರುವಿನ ಕುಸ್ಕೋ ನಗರ 3,400 ಮೀಟರ್ ಎತ್ತರದಲ್ಲಿದೆ, ಏದುಸಿರು ಬಂದವರು ಕೋಕಾ ಎಲೆಯ ಚಹಾ ಕುಡಿಯುತ್ತಾರೆ ಎಂದ. ಬೊಲಿವಿಯಾದ ಲಾ ಪಾಸ್‌ನಲ್ಲಿ ಜನ ಕೆಲಸಕ್ಕೆ ಹೋಗುವುದೂ ಕೇಬಲ್ ಕಾರಿನಲ್ಲಿ, ಅದು ಶುರುವಾದದ್ದು 2014ರಲ್ಲಿ ಎಂದ. ಎಲ್ಲವೂ ಫೋನಿನಲ್ಲಿ ನೋಡಿದ್ದು. ಹೋಲಿಸಿದರೆ ನಮ್ಮ ಮಡಿಕೇರಿ 1,200 ಮೀಟರೂ ಇಲ್ಲ, ಆದರೂ ಏದುಸಿರು ಮಾತ್ರ ಕುಸ್ಕೋದ್ದೇ ಬಂದಿತ್ತು.

"ಅಲ್ಲಿಗೆ ಬಸ್ ಉಂಟಾ?" ಎಂದರು ಅಕ್ಕ.

"ವಿಮಾನ ಆಂಟಿ, ಒಂದು ಲಕ್ಷದ ಮೇಲಾಗುತ್ತದೆ. ಅದಕ್ಕೇ ಇಲ್ಲಿ ಉಳಿಸುತ್ತಿದ್ದೇನೆ."

ಅಕ್ಕ ಅವನ ಮುಂದಿನ ಖಾಲಿ ಲೋಟವನ್ನೊಮ್ಮೆ ನೋಡಿ ಒಳಗೆ ಹೋದರು. ಪೆರುವಿನ ನಿಧಿಗೆ ತಾವೂ ಕಾಣಿಕೆ ಕೊಟ್ಟೆವೆಂದು ಗೊತ್ತಾಗಿರಬೇಕು. ಆದರೂ ಅಕ್ಕಿರೊಟ್ಟಿ ತಂದಿಟ್ಟರು.

ಸಂಜೆ ಹೊರಡುವಾಗ ಅಂಗಡಿಯಲ್ಲಿ ಬಾಳೆಹಣ್ಣು, ಬೆಂಕಿಪೊಟ್ಟಣ, ಉಪ್ಪು ಕೊಂಡ. ಉಪ್ಪು ಜಿಗಣೆಗೆ. ಮೂರು ಜನ ಕೇಳಿಸಿಕೊಳ್ಳುವಂತೆ ಚೌಕಾಸಿ ಮಾಡಿ, ಕೊನೆಗೆ ಫೋನ್ ಎತ್ತಿದರೆ ಸಿಗ್ನಲ್ ಇಲ್ಲ. ಜೇಬಿನಲ್ಲಿ ನೋಟೂ ಇಲ್ಲ, ನಗದು ಇದ್ದರೆ ಖರ್ಚಾಗುತ್ತದಂತೆ. ಅಂಗಡಿಯವರು ಸಾಲದ ಪುಸ್ತಕ ತೆಗೆದು, ಹೆಸರು ಕೇಳದೆ, 'ಚೀಲದವ' ಎಂದು ಬರೆದುಕೊಂಡರು. ಮೇಲಿನ ಸಾಲಿನಲ್ಲಿ ತೋಟದ ಕೆಲಸದವರ ಹೆಸರಿತ್ತು. ವಾರದ ಬಟವಾಡೆಯಲ್ಲಿ ಮನೆ ನಡೆಸುವ ಅವರು ಅದನ್ನು ಬಜೆಟ್ ಎಂದು ಕರೆದದ್ದನ್ನು ನಾನು ಕೇಳಿಲ್ಲ.

ರಾತ್ರಿ ಸಿಗ್ನಲ್ ಬಂದಾಗ ಅಂಗಡಿಯವರಿಗೆ ದುಡ್ಡು ಬಂದಿತ್ತು. ಬರೆದದ್ದಕ್ಕಿಂತ ಎರಡು ರೂಪಾಯಿ ಕಮ್ಮಿ. ಬಾಳೆಹಣ್ಣೊಂದು ಕಪ್ಪಾಗಿತ್ತಂತೆ, ಫೋಟೋ ಸಮೇತ ಕಳಿಸಿದ್ದ.