ಹೂ, ಹೂಂ ಮತ್ತು ಮೂರನೆಯದು

ನಿವೃತ್ತಿಯಾದ ಇಂಗ್ಲಿಷ್ ಮೇಷ್ಟರನ್ನು ಹಗಲಿಡೀ ಮನೆಯೊಳಗೆ ಇಟ್ಟುಕೊಳ್ಳಬಾರದು ಎಂಬುದು ನನ್ನ ಹೆಂಡತಿ ಮೂರೇ ತಿಂಗಳಲ್ಲಿ ಕಂಡುಕೊಂಡ ಸತ್ಯ. ಕಿರಾಣಿ ಅಂಗಡಿಯ ಚೀಟಿಯಲ್ಲೂ ನಾನು ಸ್ಪೆಲಿಂಗ್ ತಿದ್ದತೊಡಗಿದ ದಿನ, ಅವಳೇ ಮಾಳಿಗೆಯ ಖಾಲಿ ಕೋಣೆ ಗುಡಿಸಿ, ಕರಿಹಲಗೆ ನೇತುಹಾಕಿ, "ಸಂಜಿ ಆರಕ್ಕ ಪಾಠ ಹೇಳ್ರಿ, ಏಳೂವರಿ ಮಟ ಕೆಳಗ ಬರಬ್ಯಾಡ್ರಿ" ಅಂದಳು. ಫೀಸು ಇಲ್ಲವೆಂದು ಗೊತ್ತಾಗಿ ಮೂವರು ಬಂದರು. ಹಂಪಿಗೆ ಬರುವ ವಿದೇಶಿಯರನ್ನು ಸುತ್ತಿಸುವ ಕಮಲಾಪುರದ ಆಟೊ ಹುಡುಗ. ಹೋಟೆಲ್ ರಿಸೆಪ್ಷನ್ನಿನಲ್ಲಿ ಕೂರುವ ಆಸೆಯ ಕಂಪ್ಲಿ ಹುಡುಗಿ. ಲಂಬಾಣಿ ಕಸೂತಿಯ ಚೀಲ ಹೊಲಿಯುವ, ಸದ್ಯ ಹೊಸಪೇಟೆಯ ಮಗಳ ಮನೆಯಲ್ಲಿದ್ದ ಸಂಡೂರಿನ ಅಕ್ಕ.

ಎರಡು ತಿಂಗಳು ಎಲ್ಲ ಸುಸೂತ್ರ. ಅಲ್ಲಿಗೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ರೆನ್ ಅಂಡ್ ಮಾರ್ಟಿನ್ ಪುಸ್ತಕವನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗುವವನಿಗೆ ಒಂದು ಹುಚ್ಚು ಇದ್ದೇ ಇರುತ್ತದೆ. ನನ್ನದು ರಿಲೇಟಿವ್ ಕ್ಲಾಸ್.

"ನೆಂಟರಿಗೆ ಬ್ಯಾರೆ ಕ್ಲಾಸ್ ತಗೋತೀರೇನ್ರಿ ಸರ?" ಎಂದಳು ಕಂಪ್ಲಿ ಹುಡುಗಿ. ಅಪಶಕುನವೆಂದು ಆಗಲೇ ತಿಳಿಯಬೇಕಿತ್ತು.

ಮೂರು ಪದ ಬರೆದೆ. ಗಟ್ಟಿಯಾಗಿ ಹೇಳಿಸುವುದು ನನ್ನ ಪದ್ಧತಿ. "ಹೂ!" ಎಂದೆ. "ಹೂ" ಎಂದರು, ಕಂಪ್ಲಿ ಹುಡುಗಿ ಜಡೆ ಮುಟ್ಟಿ ನೋಡಿಕೊಂಡಳು. "ಹೂಂ!" ಎಂದೆ. ಯಾರೂ ಬಾಯಿ ಬಿಡಲಿಲ್ಲ, ಮೇಷ್ಟರು ಯಾವುದಕ್ಕೋ ಒಪ್ಪಿಗೆ ಕೊಟ್ಟರೆಂದು ಸುಮ್ಮನೆ ಕಾದರು. ಮೂರನೆಯ ಪದದ ಕೊನೆಗೆ ಜೇನುನೊಣ ಗುಂಯ್ಗುಟ್ಟಿದಂಥ ಸದ್ದು ಬರಬೇಕು. ನನ್ನ ಮುಂದಿನ ಎರಡು ಹಲ್ಲು ಹೋದ ವರ್ಷವೇ ಹೋಗಿವೆ. ಎದೆಯುಬ್ಬಿಸಿ "ಹೂಸ್!" ಎಂದುಬಿಟ್ಟೆ.

ಕೋಣೆ ಸ್ತಬ್ಧವಾಯಿತು. ಸಂಡೂರಿನ ಅಕ್ಕ ಸೆರಗನ್ನು ಮೂಗಿಗೆ ಒಯ್ದರು. ಆಟೊ ಹುಡುಗ ವಿನಯದಿಂದ ಎದ್ದು ಹೋಗಿ ಕಿಟಕಿ ತೆಗೆದ.

ನ್ಯಾಯವಾಗಿ ನೋಡಿದರೆ ತಪ್ಪು ಮಕ್ಕಳದಲ್ಲ. ಕನ್ನಡದಲ್ಲಿ ಈ ಗೋಜಲೇ ಇಲ್ಲ. ಊಟ ಮಾಡಿದ ಹುಡುಗ, ಊಟ ಮಾಡಿದ ತಟ್ಟೆ, ಊಟ ಮಾಡಿದ ಮನೆ, ಊಟ ಮಾಡಿದ ದಿನ: ಒಂದೇ 'ಮಾಡಿದ' ಎಲ್ಲರ ಎಂಜಲನ್ನೂ ಬಳಿಯುತ್ತದೆ. ಕೃದಂತ ಅಂತ ನಾವು ಶಾಲೆಯಲ್ಲಿ ಉರು ಹೊಡೆದದ್ದು ಇದನ್ನೇ. ಮಾಡಿದ, ಮಾಡುವ, ಮಾಡದ. ಇಷ್ಟಿದ್ದರೆ ಸಂಸಾರ ಸಾಗುತ್ತದೆ. ಇಂಗ್ಲಿಷಿಗೆ ಹುಡುಗನಿಗೊಂದು, ತಟ್ಟೆಗೊಂದು, ಮನೆಗೊಂದು, ದಿನಕ್ಕೊಂದು ಬೇರೆ ಬೇರೆ ಆಳು ಬೇಕು. ಸಾಲದ್ದಕ್ಕೆ ಮುಖ್ಯ ನಾಮಪದ ಮುಂದೆ ಬಂದು, ವಿವರವೆಲ್ಲ ಅದರ ಹಿಂದೆ. ಅನಂತಶಯನಗುಡಿ ರೈಲ್ವೆ ಗೇಟಿನಲ್ಲಿ ನಿಂತವರಿಗೆ ಇದನ್ನು ವಿವರಿಸುವುದು ಸುಲಭ: ಇಂಗ್ಲಿಷಿನಲ್ಲಿ ಎಂಜಿನ್ನು ಮೊದಲು, ಅದಿರಿನ ವ್ಯಾಗನ್ನುಗಳು ಆಮೇಲೆ. ಕನ್ನಡದಲ್ಲಿ ವ್ಯಾಗನ್ನುಗಳೆಲ್ಲ ದಾಟಿದ ಮೇಲೆ ಕಟ್ಟಕಡೆಗೆ ಎಂಜಿನ್ನು, ಹಿಂದಿನಿಂದ ದಬ್ಬಿಕೊಂಡು. ಈ ಹೋಲಿಕೆ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ತರಗತಿಗೆ ಅದನ್ನು ಹೇಳಿದಾಗ ಮೂವರಿಗೂ ಬಂತು.

ಆಮೇಲೆ ಅಲ್ಪವಿರಾಮ. 'ಹೊಸಪೇಟೆಯಲ್ಲಿರುವ ನನ್ನ ಹೆಂಡತಿ' ಎಂಬುದನ್ನು ಇಂಗ್ಲಿಷಿನಲ್ಲಿ ಬರೆದೆ. ಹೆಂಡತಿಯ ಮುಂದೆ ಕಾಮಾ ಇಲ್ಲದಿದ್ದರೆ ಇನ್ನೊಂದೂರಲ್ಲಿ ಇನ್ನೊಬ್ಬಳಿದ್ದಾಳೆ ಎಂದರ್ಥ ಎಂದು ವಿವರಿಸಿ ಹಿಂತಿರುಗಿ ನೋಡಿದರೆ, ನಾನೇ ಕಾಮಾ ಹಾಕಿರಲಿಲ್ಲ. "ಇನ್ನೊಬ್ರು ಎಲ್ಲಿ ಅದಾರ್ರಿ, ಸಂಡೂರಾಗೇನು?" ಎಂದು ಅಕ್ಕ ತಮ್ಮೂರಿನ ಮಾನದ ಪ್ರಶ್ನೆಯೆಂಬಂತೆ ಕೇಳಿದರು. ತಿರುಮಲೆಯಲ್ಲಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ನಮ್ಮ ಕೃಷ್ಣದೇವರಾಯನಿಗೆ ಆ ಕಾಮಾ ಬೇಕಿರಲಿಲ್ಲ. ನನಗೆ ತುರ್ತಾಗಿ ಬೇಕಿತ್ತು. ಚಹಾದ ತಟ್ಟೆ ಹಿಡಿದು ಅವಳು ಮೆಟ್ಟಿಲು ಹತ್ತುತ್ತಿದ್ದಳು.

ಮನುಷ್ಯರಿಗೆ ಹೂ, ವಸ್ತುಗಳಿಗೆ ವಿಚ್ ಎಂಬ ನಿಯಮವಾದರೂ ನಿಲ್ಲಬಹುದು ಅಂದುಕೊಂಡಿದ್ದೆ. "ಸಾಸಿವೆಕಾಳು ಗಣಪ ಹೂ ಏನ್ರಿ, ವಿಚ್ ಏನ್ರಿ?" ಎಂದ ಆಟೊ ಹುಡುಗ. ವಿಗ್ರಹ ಅಂದರೆ ವಿಚ್, ಗಣಪ ಅಂದರೆ ಹೂ ಎಂದು ತಡವರಿಸಿದೆ. ಅವನೇ ಇತ್ಯರ್ಥ ಮಾಡಿದ: "ವಿರೂಪಾಕ್ಷಗ ದಿನಾ ಪೂಜಿ ನಡೀತೈತಿ, ಹೂ ಏರಸ್ತಾರ. ಹೂ ಏರಸೋ ದೇವ್ರಿಗೆ ಹೂ. ಪೂಜಿ ಇಲ್ದ ಕಲ್ಲಿಗೆ ವಿಚ್. ಸರಿ ಅಲ್ರಿ?" ಮೂವತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ಚೊಕ್ಕ ಸೂತ್ರ ನನ್ನಿಂದ ಆಗಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಭಾನುವಾರ ಹಂಪಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಎಂದು ಸಾರಿದೆ.

ಹೇಮಕೂಟದ ಬಂಡೆಯ ಮೇಲೆ, ವಿರೂಪಾಕ್ಷನ ಗೋಪುರಕ್ಕೆ ಮುಖ ಮಾಡಿ, ನಡುವಯಸ್ಸಿನ ವಿದೇಶಿ ಗಂಡಹೆಂಡತಿ ಕೂತಿದ್ದರು. ಹುಡುಗ ಅವರಿಗೆ ವಿಜಯನಗರ ಹುಟ್ಟಿದ ಕಥೆ ಹೇಳುತ್ತಿದ್ದ. ಗೊತ್ತಲ್ಲ, ಬೇಟೆಗೆ ಬಂದ ಹರಿಹರ ಬುಕ್ಕರ ನಾಯಿಗಳನ್ನು ಒಂದು ಮೊಲ ತಿರುಗಿಬಿದ್ದು ಅಟ್ಟಿತು, ಇದು ಗಂಡುಭೂಮಿ, ಇಲ್ಲೇ ಊರು ಕಟ್ಟಿ ಎಂದರು ವಿದ್ಯಾರಣ್ಯರು, 1336ರಲ್ಲಿ ಕಟ್ಟಿದರು. (ಇಂಥ ಮೊಲ ಬೇರೆ ಊರುಗಳ ಕಥೆಯಲ್ಲೂ ಓಡುತ್ತದೆ, ಇರಲಿ.) ಹುಡುಗನ ಇಂಗ್ಲಿಷು ಹೀಗಿತ್ತು: "ಕಿಂಗ್ ಡಾಗ್ ಕಮಿಂಗ್. ರ‍್ಯಾಬಿಟ್ ಸ್ಟಾಪ್. ರ‍್ಯಾಬಿಟ್ ಟರ್ನ್. ರ‍್ಯಾಬಿಟ್ ಚೇಸ್ ಡಾಗ್! ಕಿಂಗ್ ಶಾಕ್!" ಹೇಳುತ್ತ ಬಂಡೆಯಿಂದ ಬಂಡೆಗೆ ಮೊಲವಾಗಿ ನೆಗೆದ, ನಾಯಿಯಾಗಿ ಬಾಲ ಮುದುಡಿ ಓಡಿದ. ಆ ಹೆಂಗಸು ಕೆನ್ನೆಗೆ ಕೈಯಿಟ್ಟು ಬೆರಗಾಗಿದ್ದರು.

ನನಗೆ ತಡೆಯಲಾಗಲಿಲ್ಲ. ಒಂದು ರಿಲೇಟಿವ್ ಕ್ಲಾಸಿನಲ್ಲಿ ಮುಗಿಯುವುದಕ್ಕೆ ಐದು ವಾಕ್ಯ, ಅದರಲ್ಲಿ ಒಂದಕ್ಕೂ ಕ್ರಿಯಾಪದ ನೆಟ್ಟಗಿಲ್ಲ! ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. ತಲೆಯಲ್ಲಿದ್ದದ್ದು ಅಪ್ಪಟ ಕನ್ನಡ: ನಾಯಿ ಅಟ್ಟಿದ ಮೊಲ. ಅದನ್ನು ಹಾಗೇ ಎತ್ತಿ, ಎಂಜಿನ್ನು ಮುಂದಕ್ಕೆ ಜೋಡಿಸಿ, ಪ್ರತಿ ಅಕ್ಷರ ಬಿಡಿಸಿ ಹೇಳಿದೆ: "ದಿಸ್ ಈಸ್ ದ ಲ್ಯಾಂಡ್ ಆಫ್ ದ ಹೇರ್ ವಿಚ್ ದ ಡಾಗ್ಸ್ ಚೇಸ್ಡ್."

ಹೆಂಗಸಿನ ಕೈ ಕೆನ್ನೆಯಿಂದ ಇಳಿಯಿತು. ಗಂಡ ಸೌಜನ್ಯದಿಂದ, ನಮ್ಮೂರಲ್ಲೂ ನಾಯಿಗಳು ಹಾಗೇ ಮಾಡುತ್ತವೆ ಎಂಬರ್ಥದ ಮಾತಾಡಿದ. ನಾನು ನಕ್ಕು, ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ ಅದನ್ನೇ ಹೇಳಿದೆ.

ಹುಡುಗ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಸರ, ತಪ್ಪು ತಿಳೀಬ್ಯಾಡ್ರಿ. ನಾಯಿ ಮೊಲಾನ ಅಟ್ಟಿದ್ರ ರಾಜ್ಯ ಯಾಕ ಕಟ್ತಾರ್ರಿ?"

ಬಂಡೆ ಬಿಸಿಯಾಗಿತ್ತು, ನಾನು ಅದಕ್ಕಿಂತ. 'ನಾಯಿ ಅಟ್ಟಿದ ಮೊಲ' ಎಂದರೆ ಅಟ್ಟಿದ್ದು ಯಾರು ಎಂದು ಕನ್ನಡ ಬಾಯಿ ಬಿಡುವುದಿಲ್ಲ. ನಾಯಿಯೂ ಅಟ್ಟಿರಬಹುದು, ಮೊಲವೂ ಅಟ್ಟಿರಬಹುದು. ಕಥೆ ಗೊತ್ತಿದ್ದವರು ಸರಿಯಾಗಿ ತಿಳಿದುಕೊಳ್ಳುತ್ತಾರೆ. ಇಂಗ್ಲಿಷಿಗೆ ಆ ದಾಕ್ಷಿಣ್ಯವಿಲ್ಲ. 'ಚೇಸ್ಡ್' ಎಂಬುದನ್ನು ನಾಯಿಯ ಆಚೆಗೆ ಇಟ್ಟಿರೋ, ಮೊಲ ಓಡಿಹೋಯಿತು. ಈಚೆಗೆ ಇಟ್ಟಿರೋ, ಸಾಮ್ರಾಜ್ಯ ಎದ್ದಿತು. ಒಂದು ಪದವನ್ನು ಎರಡು ಮನೆ ಆಚೆ ಸರಿಸಿ, ತಾಳಿಕೋಟೆಯವರೆಗೆ ಕಾಯದೆ, ನಾನು ವಿಜಯನಗರವನ್ನು ಹುಟ್ಟುವ ಮೊದಲೇ ಮುಗಿಸಿದ್ದೆ.

ಹುಡುಗ ವಾಪಸು ಹೋಗಿ ಇನ್ನೊಂದು ಸಲ ಮೊಲವಾದ. ಹೆಂಗಸಿನ ಕೈ ಮತ್ತೆ ಕೆನ್ನೆಗೆ ಏರಿತು. ಹೊರಡುವಾಗ ಗಂಡ ಅವನ ಕೈಗೆ ಐನೂರರ ನೋಟು ಇಟ್ಟು, ನನ್ನತ್ತ ಅನುಕಂಪದಿಂದ ತಲೆಯಾಡಿಸಿದ.

ಕಮಲಾಪುರದ ತಳ್ಳುಗಾಡಿಯ ಹತ್ತಿರ ಆಟೊ ನಿಂತಿತು. ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ. ನಾನು ಜೇಬಿಗೆ ಕೈ ಹಾಕುವ ಮುನ್ನ ಅವನೇ ದುಡ್ಡು ಕೊಟ್ಟ. "ಗುರುದಕ್ಷಿಣಿ ತಿಳೀರಿ ಸರ" ಎಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಂಡೆ.

ರಾತ್ರಿ ಊಟ ಬೇಡವೆಂದಾಗ ಹೆಂಡತಿ ಕಾರಣ ಕೇಳಿದಳು. ಹೊರಗೆ ಆಟೊ ತಿರುಗಿಸುತ್ತಿದ್ದವನನ್ನು ತೋರಿಸಿ, "ಮಿರ್ಚಿ ತಿನ್ನಿಸಿದ ಹುಡುಗ ಅವನೇ" ಎಂದೆ.

"ಫೀಸಂತೂ ತಗೊಳ್ಳಂಗಿಲ್ಲ. ಮ್ಯಾಲ ಮಿರ್ಚೀನೂ ನೀವೇ ತಿನ್ನಿಸಿದ್ರಾ?" ಎಂದಳು, ಬಯ್ಯುವ ದನಿಯಲ್ಲಿ, ಆದರೆ ಮುಖದಲ್ಲಿ ಸ್ವಲ್ಪ ಅಭಿಮಾನವಿತ್ತು.

"ಹೂಂ" ಎಂದೆ.